ಬಣವಿ ನಂಬಿ ಮಾಡಿದ ನಕಾಶಿ

ನಂಬಬ್ಯಾಡ್ರಿ. ಬೆಟಗೇರಿಯಾಗ ಯಾರನ್ನರ ಕೇಳ್ರಿ, ನನ್ನ ಮಾತು ಅರ್ಧಕ್ಕರ್ಧ ಸುಳ್ಳು ಅಂತ ಹೇಳ್ತಾರ. ಆದ್ರ ಇದನ್ನ ನಂಬದ ಇರ್ರಿ ನೋಡೋಣು: ಈ ಮುದುಕ, ಅಂದ್ರ ನಾನ, ಒಂದ ಕಾಲಕ್ಕ ಮನ್ಯಾಗ ಕುಂತು, ಪುಕ್ಕಟೆ ಸಿಗೋ ಸಾಫ್ಟ್‌ವೇರ್ ಹಚ್ಚಿ, ಉಪಗ್ರಹ ತಗದ ಫೋಟೋನ ಅಂಗೈಯಷ್ಟು ಡಬ್ಬಿಯೊಳಗ ಇಳಿಸಿದ್ದೆ.

ಮೊನ್ನಿ ಟ್ರಂಕ್ ತಗದಾಗ ಆ ಡಬ್ಬಿ ಸಿಕ್ಕಿತು. ಕೈಯಾಗ ಹಿಡಕೊಂಡ ಅಡ್ಡಾಡೋ ಜಿಪಿಎಸ್. ಸುತ್ತಿದ್ದ ಅರಿವಿ ಬಿಚ್ಚಿದ್ದ ತಡ, ನಶ್ಯದ ವಾಸನಿ ಮೂಗಿಗೆ ಬಡೀತು. ಎರಡು ಸಲ ಶೀನಿದೆ. ನಶ್ಯ ನನ್ನದಲ್ಲ… ಬಾಜೂ ಮನಿ ಮೋಜಣಿ ಕಾಕಾಂದು.

ಕಾಕಾ ಅಂದ್ರ ರಕ್ತಸಂಬಂಧ ಏನಿಲ್ಲ. ಸರಪಳಿ ಹಿಡದು ಊರೂರು ತಿರಗಿ ಹೊಲ ಅಳಿಯೋ ನೌಕರಿ ಮಾಡಿ ರಿಟಾಯರ್ ಆದವ್ರು. ಅಂಥ ನೆಟ್ಟನ್ನ ಮನಶ್ಯಾಗ ನಾ ಬಾಜೂ ಮನ್ಯಾವ ಆಗಿದ್ದು ಅವರ ನಸೀಬ. ಒಂದಿನ, "ಕಾಕಾ, ಉಪಗ್ರಹದ ಫೋಟೋದಾಗ ನಿಮ್ಮ ಬಕ್ಕತಲಿ ಫಳಫಳ ಹೊಳೀತೈತ್ರಿ" ಅಂದೆ. ಎಂಟು ದಿನ ಟೊಪಗಿ ಇಲ್ಲದ ಅಂಗಳಕ್ಕ ಬರಲಿಲ್ಲ! ಆಮ್ಯಾಲ ಗೊತ್ತಾಗಿ, "ಲೇ, ನೀ ಸತ್ತೇನಿ ಅಂದ್ರೂ ನಾ ನಾಡಿ ಹಿಡದ ನೋಡಾವ" ಅಂದ್ರು.

ಹಂಗ ಅಂದವ್ರ ಒಂದಿನ ಅಳತಿ ಬರದಿಟ್ಟ ಹಳೇ ವಹಿ ಹಿಡಕೊಂಡು ನನ್ನ ಕಂಪ್ಯೂಟರ್ ಮುಂದ ಬಂದು ಕುಂತ್ರು. ಚ್ಯಾ ಬ್ಯಾಡ ಅಂದ್ರು. ನೌಕರಿ ಸೇರಿದ ಮೊದಲನೇ ವರ್ಷ, ಲಕ್ಷ್ಮೇಶ್ವರದ ಕಡೆ ಅಡರಕಟ್ಟಿಯಾಗ, ಇಬ್ಬರು ಅಣ್ಣತಮ್ಮಂದ್ರ ಹೊಲದ ನಡುವ ಗಡಿಕಲ್ಲು ಹಾಕಿಸಿದ್ರಂತ. ಕಲ್ಲು ತಪ್ಪೈತಿ ಅಂತ ತಮ್ಮ ಜಗಳಾ ತಗದ. ಅವತ್ತಿಂದ ಆ ಎರಡೂ ಮನಿಯವ್ರು ಒಬ್ಬರ ಮನಿ ನೀರು ಒಬ್ಬರು ಕುಡದಿಲ್ಲ.

"ಅವತ್ತು ನನಗ ಜ್ವರ ಬಂದಿತ್ತು… ಎಣಸೂದ್ರಾಗ ಒಂದು ಸರಪಳಿ ತಪ್ಪಿದೆನೇನೋ. ಸಾಯೂದ್ರೊಳಗ ಗೊತ್ತಾಗಬೇಕಲೇ."

ವಹಿಯಾಗ ಚಂದಾಗಿ ಬರದಿತ್ತು: ಭಾವಿ ನಡುವಿಂದ ಕಲ್ಲಿಗೆ ಸೀದಾ ಪೂರ್ವಕ್ಕ ಹನ್ನೆರಡು ಸರಪಳಿ. ಕಲ್ಲು ಬದುವಿನ ಮ್ಯಾಲ ಹಂಗ ಇತ್ತು. ಭಾವಿ ಇರಲಿಲ್ಲ. ಅದನ್ನ ಮುಚ್ಚಿ, ಮ್ಯಾಲ ಕಡ್ಲಿ ಬಿತ್ತಾಕತ್ತಿ ಯಾವ ಕಾಲಾತೋ. ನೆಲದ ಮ್ಯಾಲ ನಿಂತ್ರ ಏನೂ ಕಾಣೂದಿಲ್ಲ.

ಆದ್ರ ಮ್ಯಾಲಿಂದ? ಫೋಟೋ ದೊಡ್ಡದು ಮಾಡಿದೆ. ಹೊಲದ ನಡುವ, ರೊಟ್ಟಿ ಮ್ಯಾಲ ಸುಟ್ಟ ಕಲಿ ಇದ್ದಂಗ, ಒಂದು ಕರೇ ವರ್ತುಲ. ಕಾಕಾನ ಮೂಗು ಪರದೆಗೆ ತಾಗಿತು. "ಅಲೆಲೆಲೇ… ಅದ! ಅದ ಭಾವಿ!"

ಇನ್ನ ಬಿಡ್ತೇನೇನು? ಅಡರಕಟ್ಟಿಗೆ ಹೋಗಿ, ಫೋಟೋದಾಗ ಕಾಣೋ ನಾಕು ಗುರುತು ಹುಡುಕಿದೆ: ಗುಡಿ ಮೂಲಿ, ರಸ್ತಾದ ಸಣ್ಣ ಸೇತುವಿ, ಒಂಟಿ ಬೇವಿನ ಗಿಡ, ಮೇವಿನ ಬಣವಿ. ನಾಕೂ ಕಡೆ ನಿಂತು ಡಬ್ಬಿ ತೋರಿಸಿದ ಅಂಕಿ ಬರಕೊಂಡೆ. ಮನಿಗೆ ಬಂದು, ಫೋಟೋದಾಗಿನ ಈ ಜಾಗಾಕ್ಕ ಈ ಅಂಕಿ ಅಂತ ಸಾಫ್ಟ್‌ವೇರಿಗೆ ಹೇಳಿಕೊಟ್ಟೆ. ಅದು ಫೋಟೋನ ಆ ಕಡೆ ಈ ಕಡೆ ಜಗ್ಗಿ ನೆಲಕ್ಕ ಹೊಂದಿಸಿತು. ಇಡೀ ಫೋಟೋ ಕೊಟ್ರ ಡಬ್ಬಿ ನುಂಗೂದಿಲ್ಲ. ತುಣುಕು ತುಣುಕು ಮಾಡಿ ತಿನಿಸಿದೆ. ಹೊಲದಾಗ ನಡದ್ರ ಫೋಟೋದ ಮ್ಯಾಲ ನಾವೂ ನಡೀತೇವಿ, ಬಾಣದ ಗುರುತಾಗಿ. ಕಾಕಾ ಅಂಗಳದಾಗ ಹತ್ತು ಸಲ ಹೋಗಿ ಬಂದು ನೋಡಿದ್ರು!

ಇಬ್ಬರೂ ಬಸ್ ಹತ್ತಿ ಹೋದ್ವಿ. ಬಾಣ ಕರೇ ವರ್ತುಲದ ನಡುವ ಬಂದಾಗ ನಿಂತು ಗುಂಡಿ ಒತ್ತಿದೆ. ಅಲ್ಲಿಂದ ಕಲ್ಲಿನ ತನಕ ನಡದ್ವಿ. ಸರಪಳಿ ಅಂದ್ರ ಮೂವತ್ಮೂರು ಫೂಟು, ಹತ್ತು ಮೀಟರ್ ಹಿಡೀರಿ. ಡಬ್ಬಿ ನೂರಾ ಹತ್ತು ಮೀಟರ್ ತೋರಿಸಿತು. ಹನ್ನೊಂದ ಸರಪಳಿ.

"ಯಾಕ್ರಿ ಕಾಕಾ, ನಿಮ್ಮ ಸರಪಳ್ಯಾಗ ಒಂದು ನೀವ ನುಂಗಿದ್ರೇನು?" ಅಂತ ನಕ್ಕೆ. ಅವರು ಬದುವಿನ ಮ್ಯಾಲ ಕುಂತ್ರು. ನಶ್ಯದ ಡಬ್ಬಿ ತಗದು ಹಂಗ ಹಿಡಕೊಂಡ್ರು, ಮೂಗಿಗೆ ಏರಸಲಿಲ್ಲ. ಮುಂದ ಎಂಟು ದಿನ ಅವರ ಬಾಗಲಾನ ತಗೀಲಿಲ್ಲ… ನನ್ನ ಬೈಯಾಕೂ ಬರಲಿಲ್ಲ.

ನನಗ ಒಳಗ ಚುರುಕ್ ಅಂತು. ಅಂಕಿ ಮತ್ತ ನೋಡೋಣು ಅಂತ ಅಡರಕಟ್ಟಿಗೆ ಹೋದೆ. ಬಣವಿಯೊಳಗಿಂದ ಮೇವು ಹಿರಿಯಾಕತ್ತಿದ್ದ ಹೆಣ್ಮಗಳು ನನ್ನ ಫೋಟೋ ನೋಡಿ ಸೆರಗು ಬಾಯಿಗೆ ಹಿಡಕೊಂಡು ನಕ್ಕಳು.

"ಯಜ್ಜಾ, ಇದರಾಗ ಇರೂದು ಹೋದ ವರ್ಷದ ಬಣವಿ. ಅಲ್ಲೆ ನೀರು ನಿಂತು ಮೇವು ಕೊಳೀತು ಅಂತ ಈ ವರ್ಷ ಈ ಕಡೆ ಒಟ್ಟೇವಿ. ಬಣವಿ ಏನ್ ಗುಡಿ ಏನ್ರಿ, ಒಂದ ಕಡೆ ಕುಂಡ್ರಾಕ?"

ಊರಿಗೆಲ್ಲಾ ಟೊಪಗಿ ಹಾಕಿದಾವಗ ಒಂದು ಬಣವಿ ಟೊಪಗಿ ಹಾಕಿತ್ತು! ಫೋಟೋ ಹಳೇದು, ಅಂಕಿ ಹೊಸಾವು. ಆ ಒಂದು ಗುರುತಿನ ದೆಸಿಂದ ಇಡೀ ಫೋಟೋ ಸರದಿತ್ತು. ಬಣವಿ ಬಿಟ್ಟು ನಕಾಶಿ ಮತ್ತ ಮಾಡಿದೆ. ಕಾಕಾನ್ನ ಕರಕೊಂಡು ಮತ್ತ ಹೋದೆ. ಹನ್ನೆರಡು ಸರಪಳಿಗೆ ಬರೇ ಮೂರು ಹೆಜ್ಜಿ ಫರಕು ಬಂತು. ಅಷ್ಟು ಫರಕು ಆ ಡಬ್ಬಿಗೆ ಹುಟ್ಟಗುಣ. ಕಾಕಾ ಕಲ್ಲಿನ ಮ್ಯಾಲ ಕೈ ಇಟ್ಟು ನಿಂತ್ರು. ಆಮ್ಯಾಲ ಛತ್ರಿಲೆ ನನ್ನ ಬೆನ್ನಿಗೊಂದು ಬಾರಿಸಿದ್ರು.

ಈಗ ಡಬ್ಬಿಯೊಳಗ ಸೆಲ್ ಒಡದು ಬೆಳ್ಳಗ ಬೂಸರ ಹಿಡದೈತಿ. ಪರದೆ ಹತ್ತವಲ್ದು. ಬಾಜೂ ಮನಿಗೆ ಬ್ಯಾರೆಯವ್ರು ಬಂದಾರ. ಪಾಪ, ಒಳ್ಳೆಯವ್ರು, ನಾ ಏನ ಹೇಳಿದ್ರೂ ನಂಬ್ತಾರ. ಅಂಥವ್ರ ಕೂಡ ಏನ್ ಮಜಾ…

ಇರ್ಲಿ. ಇದರಾಗ ಒಂದ ಸುಳ್ಳೈತಿ, ಹೇಳಿಬಿಡ್ತೇನಿ. ಎರಡನೇ ಸಲ ಕಾಕಾ ಬಂದಿರಲಿಲ್ಲ. ಅಷ್ಟರಾಗ ಹಾಸಗಿ ಹಿಡದಿದ್ರು. ನಾ ಒಬ್ಬನ ಹೋಗಿ ಅಳದು ಬಂದು, ಅವರ ಕಿವಿಗೆ ಬಾಯಿ ಹಚ್ಚಿ ಹೇಳಿದೆ, "ಕಾಕಾ, ಕಲ್ಲು ಬರೋಬ್ಬರಿ ಐತ್ರಿ. ತಪ್ಪು ನಂದು." ಅವರು ನನ್ನ ಮಾರಿ ನೋಡಿದ್ರು.

"ನನ್ನ ಸಮಾಧಾನಕ್ಕ ಹೇಳಾಕತ್ತಿಯೇನಲೇ?"

"ಇಲ್ರಿ ಕಾಕಾ, ನಿಮ್ಮಾಣಿ ಖರೆ."

ಕಾಕಾ ನಕ್ಕರು. ನಂಬಿ ನಕ್ಕರೋ, ಇದೂ ನನ್ನ ಕಳ್ಳಾಟ ಅಂತ ತಿಳದು ನಕ್ಕರೋ… ಕೇಳಾಕ ನನಗ ಧೈರ್ಯ ಆಗಲಿಲ್ಲ.