ಫ್ಲೂಮಿನಲ್ಲಿ ನೀರಿಳಿದ ಮಧ್ಯಾಹ್ನ

ಮಳೆ ಬಂದರೆ ಊರೆಲ್ಲ ಒಳಗೆ ಓಡುತ್ತದೆ, ನಮ್ಮ ಚಿಕ್ಕಮ್ಮ ಹೊರಗೆ ಓಡುತ್ತಾಳೆ. ಮಣ್ಣು ಸಂರಕ್ಷಣೆಯ ಕಚೇರಿಯಲ್ಲಿ ಅವಳದು ಫ್ಲೂಮ್ ನೋಡುವ ಕೆಲಸ. ಫ್ಲೂಮ್ ಎಂದರೆ ಗುಡ್ಡದ ಬುಡದಲ್ಲಿರುವ, ನಡು ಕಿರಿದಾದ ಒಂದು ಸಿಮೆಂಟು ತೋಡು. ಗುಡ್ಡದ ಮೇಲೆ ಬಿದ್ದ ಮಳೆನೀರು ಅದರಲ್ಲೇ ಹಾದುಹೋಗಬೇಕು. ಒಳಗೋಡೆಯ ಅಳತೆಪಟ್ಟಿಯಲ್ಲಿ ನೀರು ಎಲ್ಲಿಗೆ ಮುಟ್ಟಿದೆ ಎಂದು ನೋಡಿದರೆ, ಎಷ್ಟು ಹರಿದುಹೋಗುತ್ತಿದೆ ಎಂಬ ಲೆಕ್ಕ ಸಿಗುತ್ತದೆ. ಮನೆಯಲ್ಲಿ ಚಹಾ ಸೋಸುವಾಗಲೂ ಅವಳು ಬಗ್ಗಿ ಲೋಟಗಳ ಮಟ್ಟ ನೋಡುತ್ತಾಳೆ. ಅವಳ ಭಾವ, ಅಂದರೆ ನಮ್ಮಪ್ಪ, ಅದೇ ತೋಡಿನ ಕೆಳತುದಿಯಲ್ಲಿರುವ ಹೂಳುಗುಂಡಿಯ ಮೇಸ್ತ್ರಿ. "ನಾದಿನಿ ಅಳೀತಾಳೆ, ನಾನು ಬಾಚ್ತೀನಿ" ಎನ್ನುವುದು ಅವನ ಹಳೇ ತಮಾಷೆ.

ಆ ದಿನ ಗುಂಡಿಯ ಗೋಡೆ ಬಿರುಕುಬಿಟ್ಟಿತ್ತು. ಕೆಳಗೆ ಮಳೆ ಬಿಟ್ಟಿದ್ದರೂ ಅದಕ್ಕೆ ಗಾರೆ ಮೆತ್ತಲು ಬಂದ ಅಪ್ಪ ಮತ್ತು ಆಳುಗಳು ದಡದಲ್ಲೇ ಕಾದು ಕೂತಿದ್ದರು. ಪಟ್ಟಿಯ ಕೆಂಪು ಗೆರೆಗಿಂತ ನೀರು ಕೆಳಗಿಳಿದು, ಚಿಕ್ಕಮ್ಮ ಫೋನ್ ಮಾಡಿದ ಮೇಲೇ ಗುಂಡಿಗೆ ಇಳಿಯಬೇಕು ಎಂಬುದು ಅಲ್ಲಿಯ ಕಟ್ಟುಪಾಡು. ಕೊನೆಗೆ ನೀರು ಗೆರೆ ಬಿಟ್ಟು ಇಳಿಯಿತು.

"ಭಾವ, ನೀರು ಕಮ್ಮಿ ಆಯ್ತು. ಇಳೀಬಹುದು."

"ಅಬ್ಬ, ಅಪ್ಪಣೆ ಆಯ್ತಲ್ಲ ತಾಯಿ!"

ಫೋನಿಟ್ಟು ಅವಳು ಮತ್ತೆ ಪಟ್ಟಿ ನೋಡಿದಳು. ನೀರು ಇನ್ನೂ ಇಳಿಯುತ್ತಿತ್ತು, ಬೇಗ ಬೇಗ. ಆಗ ತಲೆ ಎತ್ತಿದಳು. ಗುಡ್ಡದ ನೆತ್ತಿಯ ಮೇಲೆ ಮೋಡ ಕರ್ರಗಿತ್ತು, ಅಲ್ಲಿ ಮಳೆ ಹೊಯ್ಯುತ್ತಲೇ ಇತ್ತು. ಮಳೆ ನಿಲ್ಲದೆ ನೀರು ಇಳಿದಿದೆ ಎಂದರೆ, ಮೇಲೆಲ್ಲೋ ಮರವೋ ಮಣ್ಣೋ ಜರಿದು ನೀರಿನ ದಾರಿಗೆ ಅಡ್ಡ ಬಿದ್ದಿದೆ. ನೀರು ಅದರ ಹಿಂದೆ ತುಂಬಿಕೊಳ್ಳುತ್ತಿದೆ. ಒಡೆದರೆ ಒಟ್ಟಿಗೇ ಬರುತ್ತದೆ. ಅಷ್ಟು ಹೊತ್ತು ಪಟ್ಟಿಯೊಂದನ್ನೇ ನೋಡುತ್ತಾ ಕೂತ ತನ್ನ ಮೇಲೆ ಅವಳಿಗೆ ಅಸಹ್ಯವಾಯಿತು.

ಮತ್ತೆ ಫೋನ್ ಮಾಡಿದಳು; ಅಪ್ಪನ ಫೋನು ರಿಂಗಾಗುತ್ತಲೇ ಇತ್ತು. ಕೆಸರಿಗಿಳಿಯುವಾಗ ಅಪ್ಪ ಅದನ್ನು ಅಂಗಿಯಲ್ಲಿ ಸುತ್ತಿ ದಡದಲ್ಲಿಡುತ್ತಾನೆ, ಅವಳಿಗೂ ಗೊತ್ತು. ಚಪ್ಪಲಿ ಬಿಟ್ಟು ದಡದಗುಂಟ ಎದ್ದೆನೋ ಬಿದ್ದೆನೋ ಎಂದು ಓಡಿದಳು. ತನ್ನ ಅಕ್ಕನ, ಅಂದರೆ ನಮ್ಮಮ್ಮನ, ಮುಖವೊಂದೇ ಕಣ್ಣ ಮುಂದಿತ್ತಂತೆ; ದೇವರ ಹೆಸರೂ ನೆನಪಾಗಲಿಲ್ಲವಂತೆ.

"ಭಾವಾ, ಹತ್ತಿ! ಎಲ್ಲಾರೂ ಮೇಲೆ ಹತ್ತಿ!"

ಗುಂಡಿಯೊಳಗಿಂದ ಅಪ್ಪ ಕರಣೆ ಹಿಡಿದೇ ನಕ್ಕ. "ಇದೇನಮ್ಮ, ಈಗ ತಾನೇ ಇಳೀರಿ ಅಂದೆ? ಇದೊಂದು ಬಾಂಡ್ಲಿ ಗಾರೆ ಮುಗಿಸ್ತೀನಿ, ತಡಿ."

"ನಿಮ್ಮ ಬಾಂಡ್ಲಿ ಮನೆ ಹಾಳಾಗ! ಅಕ್ಕನ ಆಣೆ, ಹತ್ತಿ!"

ಚಿಕ್ಕಮ್ಮ ಆಣೆ ಇಡುವವಳಲ್ಲ. ಅಪ್ಪನ ನಗು ನಿಂತಿತು. ಆಳುಗಳನ್ನು ಒಬ್ಬೊಬ್ಬರನ್ನಾಗಿ ಏಣಿಗೆ ನೂಕಿ, ತಾನು ಕೊನೆಗೆ ಹತ್ತಿದ. ಇನ್ನೇನು ದಡ ಮುಟ್ಟಬೇಕು, ನೀರು ಬಂತು. ಕೆಂಪು ನೀರು, ಬುಡಸಮೇತ ಮರ ಹೊತ್ತುಕೊಂಡು. ಅಪ್ಪನ ಕಾಲಡಿಯ ಏಣಿಯನ್ನು ಕಿತ್ತುಕೊಂಡು ಹೋಯಿತು. ಅವನ ರಟ್ಟೆ ಮಾತ್ರ ಚಿಕ್ಕಮ್ಮನ ಎರಡೂ ಕೈಯಲ್ಲಿತ್ತು. ಆಳುಗಳು ಅವನ ಸೊಂಟ ಹಿಡಿದು ಮೇಲಕ್ಕೆಳೆದರು.

ಆಮೇಲೆ ಒಬ್ಬ ಆಳು ಅವಳಿಗೆ ಕೈಮುಗಿದ. "ನೀವು ಬರದಿದ್ರೆ ನಮ್ ಕಥೆ ಮುಗೀತಿತ್ತಕ್ಕಾ."

"ಕೈ ಮುಗೀಬೇಡಪ್ಪಾ," ಎಂದಳು ಚಿಕ್ಕಮ್ಮ. "ನಿಮ್ಮನ್ನ ಇಳಿಸಿದ್ದೇ ನಾನು."

ಅವಳು ಇನ್ನೂ ಅಪ್ಪನ ರಟ್ಟೆ ಬಿಟ್ಟಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಅವನೇ ಬಿಡಿಸಬೇಕಾಯಿತು.