ದಸ್ತಗಿರಮ್ಮನ ಮುಯ್ಯಿ

ಮೈಕು ಕಸಿದುಕೊಂಡವನ ಮುಖ ಗಾದಿಲಿಂಗಪ್ಪನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಿಳಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಬಾಯಲ್ಲಿ ಅಡಿಕೆ. "ಚಾಲು ಪೆದ್ದಾಯನಾ, ದಿಗು ದಿಗು" ಎಂದು ತೆಲುಗಿನಲ್ಲಿ ಅಂದು, ಸಾಕು ಇಳಿ ಎಂದು ದನ ಅಟ್ಟಿದ ಹಾಗೆ ಕೈ ಬೀಸಿ ವೇದಿಕೆಯಿಂದ ಇಳಿಸಿದ್ದ. ಆದೋನಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತಾನೆ, ಸಿಕ್ಕರೆ ಕೊರಳಪಟ್ಟಿ ಹಿಡಿಯದೆ ಬಿಡುವುದಿಲ್ಲ ಎಂದು ಅವನು ಪೆದ್ದಹರಿವಾಣದಲ್ಲಿ ಹೇಳದ ಮನೆಯಿಲ್ಲ. ಕೇಳುವವರು ಹೂಂಗುಟ್ಟುತ್ತಾರೆ. ಆ ದಿನದ ಉಳಿದ ಸಂಗತಿಯನ್ನು ಅವನೂ ಎತ್ತುವುದಿಲ್ಲ, ಅವರೂ ಕೇಳುವುದಿಲ್ಲ.

ಗಾದಿಲಿಂಗಪ್ಪ ಆದೋನಿಯ ಹತ್ತಿ ಮಿಲ್ಲುಗಳಲ್ಲಿ ಹಮಾಲಿ. ಓದಿದ್ದು ಮೂರನೇ ಕ್ಲಾಸು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಗುಮಾಸ್ತರ ಜೊತೆ ಜಗಳ ತೆಗೆದು ಮೂರು ಮಿಲ್ಲು ಬಿಟ್ಟವನು. ಮೂರು ವರ್ಷದ ಹಿಂದೆ ಅವನ ಹೆಂಡತಿ ಶಂಕರಮ್ಮ ಹತ್ತಿ ಬಿಡಿಸಿ ಬರುವಾಗ ಟ್ರ್ಯಾಕ್ಟರಿನಿಂದ ಬಿದ್ದಳು. ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದಂತಾಯಿತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನೆಲ್ಲ ಹುಣ್ಣಾಗುತ್ತದೆ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ಬದಲಿಸುವವರು ಯಾರು ಎಂದು ಕೇಳಲಿಲ್ಲ. ಮಕ್ಕಳಿಲ್ಲದ ಮನೆ. ಕ್ವಿಂಟಲ್ ಚೀಲ ಎತ್ತಿದ ಕೈಗಳು ಹೆಂಡತಿಯನ್ನು ಎತ್ತುವುದನ್ನು, ಒರೆಸುವುದನ್ನು, ಜಡೆ ಹಾಕುವುದನ್ನು ಕಲಿತವು.

"ಇದು ಜಡಿ ಏನ್ರಿ? ಎತ್ತಿನ ಹಗ್ಗ ಹೊಸೆದಂಗ ಐತಿ" ಎಂದು ಶಂಕರಮ್ಮ ಮಲಗಿದಲ್ಲೇ ನಗುತ್ತಿದ್ದಳು.

ಗೋಡೆಯಾಚೆಯ ಮನೆ ದಸ್ತಗಿರಮ್ಮನದು. ಗಂಡ ತೀರಿ ಹತ್ತು ವರ್ಷ. ಮಗ ನರೇಶನಿಗೆ ಇಪ್ಪತ್ತೆರಡು; ಹುಟ್ಟಿದಾಗಿನಿಂದ ಕುತ್ತಿಗೆ ನಿಂತಿಲ್ಲ, ಮಾತಿಲ್ಲ, ತುತ್ತು ಬಾಯಿಗಿಡಬೇಕು. ಅವನನ್ನು ಬಿಟ್ಟು ಹೋಗಲಾರದೆ ಆಕೆ ಸ್ವಂತ ತಂಗಿಯ ಮದುವೆಗೂ ಹೋಗಿರಲಿಲ್ಲ. ಒಂದೇ ಗೋಡೆಯ ಎರಡು ಮನೆ. ಇಲ್ಲಿ ಇವನು, ಅಲ್ಲಿ ಆಕೆ, ಇಬ್ಬರೂ ಕಟ್ಟಿಹಾಕಿದ ಹಾಗೆ.

ದಾರಿ ತೋರಿಸಿದವಳು ಶಂಕರಮ್ಮ. ಅವರ ಕಡೆ ಹತ್ತಿ ಬಿಡಿಸುವುದಕ್ಕೆ ಮುಯ್ಯಿ ಉಂಟು: ಇವತ್ತು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ. ಕೂಲಿ ಇಲ್ಲ, ದಿನಕ್ಕೆ ದಿನ. "ಹೊಲಕ್ಕ ಮುಯ್ಯಿ ಐತಿ, ಹಾಸಿಗಿಗೆ ಯಾಕಿಲ್ಲ?" ಎಂದಳು ಆಕೆ. ಅವತ್ತಿನಿಂದ ಗಾದಿಲಿಂಗಪ್ಪ ಮಿಲ್ಲಿಗೆ ಹೋದ ದಿನ ದಸ್ತಗಿರಮ್ಮ ನರೇಶನನ್ನು ಎತ್ತಿಕೊಂಡು ಬಂದು ಇಬ್ಬರನ್ನೂ ನೋಡುತ್ತಿದ್ದಳು. ಆಕೆ ಕೂಲಿಗೆ ಹೋದ ದಿನ ಇವನು ನೋಡುತ್ತಿದ್ದ. ಒಂದು ಮುಯ್ಯಿ ತೀರಿಸದೆ ಇನ್ನೊಂದು ಕೇಳಬಾರದು. ಆದರೂ ಕಳೆದ ದೀಪಾವಳಿಯ ಹೊತ್ತಿಗೆ ಇವನು ತೀರಿಸಬೇಕಾದ ಮೂರು ದಿನ ಏರಿದ್ದವು.

ಅಷ್ಟರಲ್ಲಿ ದಸ್ತಗಿರಮ್ಮನ ಕಣ್ಣು ಕೆಟ್ಟಿತು. ಒಂದು ಮೊದಲೇ ಹೋಗಿತ್ತು. ಕಣ್ಣಿನ ಕ್ಯಾಂಪಿನ ಡಾಕ್ಟರು ಇನ್ನೊಂದನ್ನು ನೋಡಿ, ಒಳಗೆ ಒತ್ತಡ ಹೆಚ್ಚಿ ನರ ಸಾಯುತ್ತಿದೆ, ಬೇಗ ಆಪರೇಷನ್ ಆಗದಿದ್ದರೆ ಇದೂ ಹೋಗುತ್ತದೆ ಎಂದು ಚೀಟಿ ಬರೆದುಕೊಟ್ಟರು. ಬುಧವಾರ ಮಧ್ಯಾಹ್ನ ಎರಡಕ್ಕೆ ಆದೋನಿಯಿಂದ ವ್ಯಾನು. ಕರ್ನೂಲಿನಲ್ಲಿ ಎರಡು ರಾತ್ರಿ ಇರಬೇಕು.

"ಎರಡು ರಾತ್ರಿ ಏನು, ನಾಕು ಇರು ತಂಗಿ. ನರೇಶ ನನ್ನ ಪಾಲು" ಎಂದ ಗಾದಿಲಿಂಗಪ್ಪ.

ಅದೇ ಬುಧವಾರ ಬೆಳಿಗ್ಗೆ ಆದೋನಿಯಲ್ಲಿ ಸಭೆ. ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರ ಪರವಾಗಿ ಒಂದು ಸಂಘ ಕರೆದದ್ದು. ಸಂಘದ ಚೇತನಾ ಎಂಬ ಹುಡುಗಿ ಮುಯ್ಯಿಯ ಸುದ್ದಿ ಕೇಳಿ ಓಣಿಗೇ ಬಂದಳು. "ಅಣ್ಣಾ, ಇದನ್ನ ಸ್ಟೇಜ್ ಮ್ಯಾಲೆ ನೀವೇ ಹೇಳ್ರಿ. ಆಫೀಸರ್‌ಗಳು ಬರ್ತಾರ. ಊರಿಗೊಬ್ಬ ಆಳು ವಾರಕ್ಕೊಂದು ದಿನ ಬಂದು ಕೂಡ್ರಲಿ ಅಂತ ಕೇಳೋಣ. ಹನ್ನೆರಡಕ್ಕ ನೀವು ಮನ್ಯಾಗಿರ್ತೀರಿ."

ಗಾದಿಲಿಂಗಪ್ಪ ದಸ್ತಗಿರಮ್ಮನ ಮುಖ ನೋಡಿದ. ನಾಲ್ಕನೇ ಮುಯ್ಯಿ.

"ಹೋಗಿ ಬಾ ಅಣ್ಣಾ. ಹನ್ನೆರಡಕ್ಕ ಬರ್ತೀಯಲ್ಲ?"

"ಬರದಿದ್ರ ನನ್ನ ಮೀಸಿ ಬೋಳಿಸು."

"ನನ್ನ ಕಣ್ಣಿಗೆ ಮೀಸಿ ಎಲ್ಲಿ ಕಾಣಬೇಕು? ಮೂಗು ಕೊಯ್ದೇನು ಮತ್ತ!"

ಮನೆಗಿದ್ದ ಒಂದೇ ಫೋನನ್ನು ಶಂಕರಮ್ಮನ ತಲೆದಿಂಬಿನ ಬಳಿ ಇಟ್ಟು ಅವನು ಆಟೋ ಹತ್ತಿದ.

ಸಭೆಗೆ ಮುಖ್ಯ ಅತಿಥಿಯೇ ಬಂದಿರಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಹನ್ನೆರಡಕ್ಕೆ ಗಾದಿಲಿಂಗಪ್ಪ ಎದ್ದು ನಿಂತ. "ಮುಂದಿಂದು ನಿಮ್ದೇ ಅಣ್ಣಾ, ಐದು ನಿಮಿಷ" ಎಂದು ಚೇತನಾ ಕೂರಿಸಿದಳು. ಹನ್ನೆರಡೂವರೆಗೆ ಮೈಕು ಕೈಗೆ ಬಂತು.

"ನಮಸ್ಕಾರ್ರಿ. ನಾವು ಪೆದ್ದಹರಿವಾಣದವ್ರು. ನಮ್ಮನ್ಯಾಗ ನನ್ನ ಹೆಣ್ತಿ..."

ಹೊರಗೆ ಅತಿಥಿಯ ಕಾರು ನಿಂತ ಸದ್ದಾಯಿತು. ಬಿಳಿ ಅಂಗಿಯವನು ಬಂದು ಮೈಕು ಕಸಿದ.

ಆಗಲೇ ಇಳಿದು ಹೊರಟಿದ್ದರೆ ಸಾಕಿತ್ತು. ಗೇಟಿನಲ್ಲಿ ಆಟೋಗಳಿದ್ದವು, ಊರು ಅರ್ಧ ತಾಸಿನ ಹಾದಿ, ಅದೇ ಆಟೋದಲ್ಲಿ ದಸ್ತಗಿರಮ್ಮ ಎರಡರೊಳಗೆ ಆದೋನಿ ಮುಟ್ಟುತ್ತಿದ್ದಳು. ಗಾದಿಲಿಂಗಪ್ಪ ಇಳಿಯಲಿಲ್ಲ. ಮೈಕಿನ ವೈರು ಹಿಡಿದು ಎಳೆದ. "ಕೊಡಲೇ ಇಲ್ಲಿ! ಹೆಣ್ತಿ ಉಚ್ಚಿ ತೆಗೆಯೋನು ನಾನು, ಮಾತಾಡೋನು ನೀನಾ?" ನಾಲ್ಕು ಜನ ಹಿಡಿದು ಕೆಳಗೆ ತಂದರು. ಅವನು ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ತನ್ನ ಸರದಿ ಕೊಡುವವರೆಗೆ ಏಳುವುದಿಲ್ಲ ಅಂದ. ಅತಿಥಿ ಮನೆಮಂದಿಯ ತಾಳ್ಮೆಯ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ಇವನು ಕೆಳಗಿನಿಂದ ಕೂಗುತ್ತಲೇ ಇದ್ದ. ಗಂಟಲು ಕಟ್ಟಿದಾಗ ತಲೆ ಎತ್ತಿ ಗಡಿಯಾರ ನೋಡಿದ. ಎರಡಕ್ಕೆ ಇಪ್ಪತ್ತು ನಿಮಿಷ.

ಎದ್ದು ಓಡಿದ. ಆಟೋ ಹಿಡಿದು ಊರು ಮುಟ್ಟುವಷ್ಟರಲ್ಲಿ ಎರಡು ದಾಟಿತ್ತು.

ಹತ್ತಿ ಬಿಡಿಸುವ ಕಾಲ, ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಕರೆದು ಕೂರಿಸಲು ದಸ್ತಗಿರಮ್ಮನಿಗೆ ಯಾರೂ ಸಿಕ್ಕಿರಲಿಲ್ಲ. "ನೀ ಹೋಗವ್ವ, ಒಂದ್ ತಾಸಿಗೆ ನಮಗೇನಾಗ್ತೈತಿ" ಎಂದು ಶಂಕರಮ್ಮ ಬೈದು ನೋಡಿದ್ದಳು. ಬೆಳಿಗ್ಗೆ ನರೇಶನಿಗೆ ಫಿಟ್ಸ್ ಬಂದಿತ್ತು, ಆಕೆಯ ಕಾಲು ಏಳಲಿಲ್ಲ. ಹಬ್ಬದ ಸೀರೆ ಉಟ್ಟು, ಬಟ್ಟೆಯ ಚೀಲ ಪಕ್ಕಕ್ಕಿಟ್ಟು, ಮಗನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದಳು.

"ನಡಿ ತಂಗಿ, ಆಟೋ ಐತಿ. ವ್ಯಾನಿನ ಬೆನ್ನು ಹತ್ತೂನು."

"ನಾವಿಬ್ಬರೂ ಹೋದ್ರ ಇವರನ್ನ ಯಾರ ಕೂಡ ಬಿಡೂನಣ್ಣಾ? ಒಬ್ಬಾಕಿನೇ ವ್ಯಾನು ಹುಡುಕಾಕ ನನಗ ಕಣ್ಣೆಲ್ಲಿ?"

ಆಟೋದವನು ಐದು ನಿಮಿಷ ಕಾದು ತಿರುಗಿಸಿಕೊಂಡು ಹೋದ.

ಮರುದಿನ ಚೇತನಾ ಬಂದು ಅತ್ತಳು, ಹತ್ತು ಕಡೆ ಫೋನ್ ಮಾಡಿದಳು. ಮುಂದಿನ ಸರದಿ ಸಂಕ್ರಾಂತಿ ಆದ ಮೇಲೆ ಎಂದರು ಆಸ್ಪತ್ರೆಯವರು. ಆಗ ಕರೆದೊಯ್ದದ್ದೂ ಅವಳೇ. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಆಪರೇಷನ್ ಮಾಡಿ ಈಗ ಉಪಯೋಗವಿಲ್ಲ ಎಂದರು.

ಈಗ ದಸ್ತಗಿರಮ್ಮ ಎಡಗೈಯಲ್ಲಿ ಮಗನ ಬಾಯಿ ತಡವಿ ಬಲಗೈಯಲ್ಲಿ ತುತ್ತು ಇಡುತ್ತಾಳೆ. ಮುಯ್ಯಿ ನಿಂತಿದೆ. ಗಾದಿಲಿಂಗಪ್ಪ ಮಿಲ್ಲು ಬಿಟ್ಟಿದ್ದಾನೆ. ಈ ಮನೆ, ಆ ಮನೆ, ಮತ್ತೆ ಈ ಮನೆ. ಚೇತನಾ ಆಗಾಗ ಬಂದು ಏನು ಬೇಕು ಎಂದು ಕೇಳಿ ಬರೆದುಕೊಳ್ಳುತ್ತಾಳೆ. ಒಂದು ದಿನ ಬಂದು ಕೂರುವ ಒಬ್ಬ ಮನುಷ್ಯ ಬೇಕು ಎನ್ನುತ್ತಾನೆ. ಪ್ರತಿ ಸಲವೂ ಅದನ್ನೇ ಬರೆದುಕೊಂಡು ಹೋಗುತ್ತಾಳೆ. ಯಾರೂ ಬಂದಿಲ್ಲ.

ಮೊನ್ನೆ ಯುಗಾದಿಯ ಮಾರನೇ ದಿನ ಅವನು ತಡೆಯಲಾರದೆ ಕೇಳಿದ. "ತಂಗಿ, ನಿನ್ನ ನಾಕು ದಿನ ನನ್ನ ಮ್ಯಾಲೆ ಉಳದಾವು. ನಾಳಿಂದ ನರೇಶನ್ನ ನಾ ನೋಡ್ತೀನಿ. ನೀ ಹೋಗಿ ಬಾ."

ದಸ್ತಗಿರಮ್ಮನ ಕೈ ತುತ್ತಿನಲ್ಲೇ ನಿಂತಿತು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ತಿಳಿಯುತ್ತಿತ್ತು.

"ಎಲ್ಲಿಗಿ ಹೋಗ್ಲಿ ಅಣ್ಣಾ?"

ಗೋಡೆಯಾಚೆಯಿಂದ ಶಂಕರಮ್ಮ ಕರೆದಳು, ಎರಡು ತಾಸಾಗಿತ್ತು. ಗಾದಿಲಿಂಗಪ್ಪ ಮಗ್ಗುಲು ಬದಲಿಸಲು ಎದ್ದು ಹೋದ.