ಕುಸುಮಾ ಹೊಲಿದ ಎರಡು ಚೀಲ

ಆಗ ನನಗೆ ನಲವತ್ತಾರು. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಮಶೀನು ಪರೀಕ್ಷೆಗೆಂದು ಕುಸುಮಾ ಹೊಲಿದಿಟ್ಟ ಚೀಲಗಳನ್ನು ನಾನು ಕದ್ದು ಬಿಚ್ಚಿದೆ. ಕೇಳಿದಾಗ ಇಲ್ಲ ಎಂದೆ. ಹೆಸರು ಕೆಟ್ಟದ್ದು ಅವಳದು.

ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಮುಂದೆ ಯಾರಾದರೂ ಇದನ್ನು ಓದಿದರೆ ತಪ್ಪು ಅಕ್ಷರ ತಿದ್ದಿಕೊಳ್ಳಿ. ಉಳಿದದ್ದನ್ನು ತಿದ್ದಬೇಡಿ.

ಕುಸುಮಾ ನನ್ನ ಮೈದುನನ ಹೆಂಡತಿ. ಅವನು ತೀರಿಕೊಂಡ ಮೇಲೆ ನಮ್ಮ ಶೆಡ್ಡಿಗೆ ಬರತೊಡಗಿದಳು. ಹತ್ತನೇ ಇಯತ್ತೆ ಪಾಸಾದವಳು, ಏನು ಕಂಡರೂ ಯಾಕೆ, ಹೇಗೆ ಎಂದು ಕೇಳುವವಳು. ಮಿರಜ ಊರ ಹೊರಗೆ ನಮ್ಮದು ತಗಡಿನ ಶೆಡ್ಡು. ದ್ರಾಕ್ಷಿ ತೋಟಗಳಲ್ಲಿ ನೀರು ಹನಿಸಿ ಹಳತಾದ ಕರಿ ಪೈಪುಗಳನ್ನು ಕೊಂಡು ತರುವುದು, ಗೇಣುದ್ದ ತುಂಡು ಮಾಡಿ ಮಾರುವುದು. ಒಂಬತ್ತು ವರ್ಷ ಕೊಯ್ತಾ, ಅಂದರೆ ಮಚ್ಚು, ಹಿಡಿದು ಕತ್ತರಿಸಿದವಳು ನಾನು. ಬಲಗೈ ಹೆಬ್ಬೆರಳು ಇಂದಿಗೂ ನೆಟ್ಟಗಾಗುವುದಿಲ್ಲ.

ಊರು ಬೆಳೆಯುತ್ತಿತ್ತು. ಬಕೆಟ್ಟು, ಕುರ್ಚಿ, ಕ್ಯಾನು — ಎಲ್ಲ ಪ್ಲಾಸ್ಟಿಕ್. ಕಾರಖಾನೆಯವರು ತುಂಡು ಬೇಡ, ಹರಳು ಕೊಡಿ ಎನ್ನತೊಡಗಿದರು. ಹರಳು ಮಾಡಲು ಗ್ರ್ಯಾನುಲೇಟರ್ ಎಂಬ ಅರೆಯುವ ಮಶೀನು ಬೇಕು. ಮಿರಜದ ಒಂದು ವರ್ಕಶಾಪಿನಲ್ಲಿ ಎರಡು ಇದ್ದವು. ಒಂದು ದೊಡ್ಡದು, ನಿಧಾನ ತಿರುಗುವುದು, ದಪ್ಪ ಬ್ಲೇಡು. ಇನ್ನೊಂದು ಸಣ್ಣದು, ಜೋರು ತಿರುಗುವುದು, ತೆಳು ಬ್ಲೇಡು, ಅಗ್ಗ.

"ನಮ್ಮ ಮಾಲ ನಾವ ಒಯ್ಯೂಣ್ರಿ," ಎಂದಳು ಕುಸುಮಾ. "ಹೊಲದಾಗಿಂದ ಹೆಂಗ ಬಂದೈತಿ ಹಂಗ, ಉಸುಕ ಸೈತ. ಅವರ ಮಾಲ ಹಾಕಿ ತೋರಿಸಿದ್ರ ನಮಗೇನ ತಿಳೀತೈತಿ?"

ನಮ್ಮ ಮನೆಯವರು ತಲೆಯಾಡಿಸಿದರು. "ಆತು. ಆದ್ರ ನಮ್ಮ ಮಾಲಿಗೆ ಸಿಕ್ಕೊಂಡು ನಿಂತಿತೋ, ಮಶೀನಿನ ಮಾತ ಮುಗೀತು. ಕೊಯ್ತಾ ಅದಾವು, ಕೈ ಅದಾವು."

ಯಾರ ಕೈ ಎಂದು ಅವರು ಹೇಳಲಿಲ್ಲ.

ಕುಸುಮಾ ಎರಡು ಚೀಲ ತುಂಬಿ ಬಾಯಿ ಹೊಲಿದಳು. ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಹೋದಾಗ ನಾನು ಹೊಲಿಗೆ ಬಿಚ್ಚಿದೆ. ಪೈಪಿನ ಒಳಗೆ ಉಸುಕು ಗಟ್ಟಿಯಾಗಿ ಕೂತಿರುತ್ತದೆ. ಒಂದೊಂದೇ ತುಂಡು ಕಲ್ಲಿಗೆ ಬಡಿದು ಬಡಿದು ಉದುರಿಸಿದೆ. ಹೊರಗಿನ ಮಣ್ಣು ಹಾಗೇ ಬಿಟ್ಟೆ, ಗುರುತು ಹತ್ತಬಾರದಲ್ಲ. ಅದೇ ಸುತಳಿಯಿಂದ, ಅದೇ ತೂತುಗಳಲ್ಲಿ ಮತ್ತೆ ಹೊಲಿದೆ. ನನಗೆ ಮಶೀನು ಬೇಕಾಗಿತ್ತು — ಯಾವುದಾದರೂ. ಹೀಗೆ ಮಾಡಿದರೆ ಒಳ್ಳೆಯದು, ಕೆಟ್ಟದ್ದು ಎರಡೂ ಒಂದೇ ಕಾಣುತ್ತವೆ ಎಂಬುದು ತಲೆಗೆ ಬರಲಿಲ್ಲ. ಬಂದಿದ್ದರೆ ಬಿಡುತ್ತಿದ್ದೆನೋ — ಆಣೆ ಮಾಡಿ ಹೇಳಲಾರೆ.

ವರ್ಕಶಾಪಿನವನು ನನ್ನ ಕಡೆ ನೋಡಿ ನಕ್ಕ. "ಮಾವಶಿ, ಇದರ ಹಲ್ಲ ನಿಮ್ಮ ಹಲ್ಲಿಗಿಂತ ಗಟ್ಟಿ ಅದಾವ್ರಿ."

"ನನ್ನವು ಪುಕ್ಕಟ ಬಂದಾವಪಾ," ಎಂದೆ.

ಎರಡೂ ಮಶೀನು ಸೊಗಸಾಗಿ ಅರೆದವು. ಕುಸುಮಾ ಕೆಳಗೆ ಕುಳಿತು ಎರಡು ಮುಷ್ಟಿಯಲ್ಲಿ ಎರಡರ ಹರಳು ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಮನಸ್ಸು ದೊಡ್ಡದರ ಮೇಲಿತ್ತು, ನನಗೆ ಗೊತ್ತು. ಆದರೆ ಅವಳು ಕಂಡದ್ದನ್ನೇ ಹೇಳುವವಳು. "ಫರಕ ಇಲ್ರಿ. ಸಣ್ಣದ ಸಾಕು."

ಸಣ್ಣದು ಬಂತು. ಹೊಲದ ಮಾಲು ಬಿದ್ದ ಎಂಟೇ ದಿನಕ್ಕೆ ಬ್ಲೇಡಿನ ಬಾಯಿ ಉಸುಕಿಗೆ ಸವೆದು ಹೋಯಿತು. ಪ್ಲಾಸ್ಟಿಕ್ ತುಂಡಾಗುವ ಬದಲು ಕಾದು ಮುದ್ದೆಯಾಗತೊಡಗಿತು. ಮನೆಯವರು ಬ್ಲೇಡು ಬಿಚ್ಚಿ ನೆಲಕ್ಕೆ ಒಗೆದರು.

"ಶಾಣ್ಯಾಕಿ ಆರಿಸಿದ ಮಶೀನ ನೋಡ್ರಿ!"

ಕುಸುಮಾ ಬ್ಲೇಡು ಎತ್ತಿಕೊಂಡು ನನ್ನ ಕಡೆ ತಿರುಗಿದಳು. "ಅಕ್ಕಾ, ಆ ಚೀಲದಾಗಿನ ಪೈಪಿನ್ಯಾಗ ಉಸುಕ ಇತ್ತಲ್ರಿ? ನೀವ ಇಲ್ಲೇ ಇದ್ರಿ."

"ಇತ್ತು," ಎಂದೆ. "ನೀ ಹೊಲಿದಾಂಗ ಇತ್ತು."

ಅಷ್ಟೇ. ಅವಳು ಮತ್ತೆ ಕೇಳಲಿಲ್ಲ — ನನ್ನ ಮಾತು ನಂಬಿದಳು, ತನ್ನ ಕಣ್ಣನ್ನು ನಂಬುವುದು ಬಿಟ್ಟಳು. ಮನೆಯವರು ನಾಳೆಯಿಂದ ಶೆಡ್ಡಿಗೆ ಬರಬೇಡ ಎಂದರು. ಅಡಿಗೆಮನೆಗೆ ಹೋದಳು. ಮುಂದೆ ಹತ್ತಿರದ ವಿಶ್ರಾಮಬಾಗದಲ್ಲಿ ಕಾಲೇಜು ಹುಡುಗಿಯರ ಮೆಸ್ಸಿನಲ್ಲಿ ಜೋಳದ ಭಕ್ರಿ ಬಡಿದು ಮಗಳನ್ನು ಬೆಳೆಸಿದಳು. ಮನೆಯಲ್ಲಿ ಆ ಮಶೀನಿನ ಕಥೆ ಚೇಷ್ಟೆಯ ಮಾತಾಗಿ ಉಳಿಯಿತು. ಮಿಕ್ಸರ್ ಕೊಳ್ಳಲಿ, ಸ್ಕೂಟರ್ ಕೊಳ್ಳಲಿ, "ಕುಸುಮಾಗ ಅಷ್ಟ ಕೇಳಬ್ಯಾಡ್ರಪಾ!" ನಾನೂ ನಕ್ಕಿದ್ದೇನೆ.

ಮೊನ್ನೆ ನನ್ನ ಮೊಮ್ಮಗಳು ಎರಡು ಹೊಲಿಗೆ ಮಶೀನಿನ ಚಿತ್ರ ತೋರಿಸಿ ಯಾವುದು ಕೊಳ್ಳಲಿ ಎಂದು ಕೇಳಿದಳು. ಯಾರೂ ಚೇಷ್ಟೆ ಮಾಡುವ ಮೊದಲೇ ಕುಸುಮಾ ಕೈ ಅಡ್ಡ ಮಾಡಿದಳು. "ನನಗ ಕೇಳಬ್ಯಾಡವಾ. ನಾ ಆರಿಸಿದ್ದು ಓಡಂಗಿಲ್ಲ."

ಅವಳು ನಗಲಿಲ್ಲ. ನಿಜವೆಂದೇ ಹೇಳಿದಳು.

ಅದಕ್ಕೆ ಬರೆಯುತ್ತಿದ್ದೇನೆ. ಬರುವ ಐತವಾರ ಎಲ್ಲರೂ ಊಟಕ್ಕೆ ಸೇರುತ್ತಾರೆ. ಮನೆಯವರಿಗೆ ಈಗ ಕಿವಿ ಮಂದ, ಜೋರಾಗಿ ಓದುತ್ತೇನೆ. ಕುಸುಮಾ ಕ್ಷಮಿಸಲಿ ಎಂದು ಅಲ್ಲ. ಅವಳು ಆರಿಸಿದ್ದು ತಪ್ಪಿರಲಿಲ್ಲ — ಇದನ್ನು ಅವಳ ಎದುರು, ಎಲ್ಲರ ಎದುರು ಹೇಳಬೇಕು. ಬೈದರೆ ಬೈಯಲಿ. ಎದ್ದು ಹೋದರೆ ಹೋಗಲಿ.

ಇನ್ನೊಂದು ಉಳಿದಿದೆ, ಅದನ್ನೂ ಓದುತ್ತೇನೆ. ಸುಳ್ಳು ಹೇಳಿದ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದೆ. ಕುಸುಮಾ ಶೆಡ್ಡಿನಲ್ಲಿ ಹಾಕಿಕೊಳ್ಳುತ್ತಿದ್ದ ಚಪ್ಪಲಿ ಬಾಗಿಲ ಹತ್ತಿರವೇ ಇದ್ದವು, ಅತ್ತ ಸರಿಸಿದೆ. ಕಲ್ಲಿನ ಮುಂದೆ ಕುಳಿತು ಪೈಪಿನ ತುಂಡು ಒಂದೊಂದೇ ಬಡಿದು ಉಸುಕು ತೆಗೆದೆ. ಮನೆಯವರು ಬಂದು ಹೊಸ ಬ್ಲೇಡು ಹಾಕಿ, ನಾನು ಬಡಿದಿಟ್ಟ ರಾಶಿ ಸುರಿದರು. ಮಶೀನು ನೀಟಾಗಿ ಓಡಿತು.

"ನೋಡಿದ್ಯಾ?" ಎಂದರು. "ಆಕಿ ಹ್ವಾದ್ಲು, ಮಶೀನ ಓಡ್ತು."

ನಾನು ಮುಂದಿನ ತುಂಡು ತೆಗೆದುಕೊಂಡು ಕಲ್ಲಿಗೆ ಬಡಿದೆ.